ಗೋಡೆಯ ಮೇಲಿನ ನೀಲಿ

ಆ ಬಡಾವಣೆಯಲ್ಲಿ ಬೋರ್ಡು ಮೇಷ್ಟ್ರು ಎಂದರೆ ಮಾತ್ರ ಅವರು ಯಾರೆಂದು ಗೊತ್ತಾಗುತ್ತಿತ್ತು. ಮೇಷ್ಟ್ರಾದದ್ದು ಐವತ್ತು ದಾಟಿದ ಮೇಲೆ. ಅದಕ್ಕೆ ಮುಂಚೆ ಇಪ್ಪತ್ತೆಂಟು ವರ್ಷ ಏಣಿ ಹತ್ತಿ ಅಂಗಡಿಗಳ ಬೋರ್ಡು ಬರೆದವರು. ದಾರಕ್ಕೆ ಸೀಮೆಸುಣ್ಣ ಸವರಿ, ಎರಡೂ ತುದಿ ಬಿಗಿಹಿಡಿದು ಗೋಡೆಯ ಮೇಲೆ ಟಪ್ಪೆಂದು ಮೀಟಿದರೆ ಬೀಳುತ್ತಿದ್ದ ಗೆರೆ ಕೂದಲೆಳೆಯಷ್ಟೂ ಸೊಟ್ಟಗಿರುತ್ತಿರಲಿಲ್ಲ. ಔಷಧಿ ಅಂಗಡಿ, ಗಡಿಯಾರ ರಿಪೇರಿ, ಕ್ಷೌರದಂಗಡಿ, ಎಲ್ಲ ಅವರ ಅಕ್ಷರವೇ. ಆಮೇಲೆ ಫ್ಲೆಕ್ಸ್ ಬಂತು. ಎರಡು ದಿನ ಏಣಿಯ ಮೇಲೆ ನಿಂತು ಮಾಡುವ ಕೆಲಸವನ್ನು ಮೆಷಿನ್ನು ಟೀ ಕುಡಿಯುವಷ್ಟರಲ್ಲಿ ಉಗುಳತೊಡಗಿತು. ಎರಡು ವರ್ಷದೊಳಗೆ ಅವರ ಕುಂಚಗಳು ಡಬ್ಬಿಯಲ್ಲೇ ಒಣಗಿ ಕಡ್ಡಿಯಾದವು.

ಹಾಗೆ ಕೈಕಟ್ಟಿ ಕೂತಿದ್ದಾಗ ಶಾಲೆಯ ದೊಡ್ಡ ಮೇಡಂ ಕರೆಸಿ, ವಾರಕ್ಕೆ ನಾಲ್ಕು ದಿನ ಮಧ್ಯಾಹ್ನ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡಿ ಎಂದರು. ಹೆಂಡತಿ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಅವಳು ನಕ್ಕು, "ಇಷ್ಟು ದಿನ ನೀವು ಬರೆದ ಅಕ್ಷರ ಬರೆದಲ್ಲೇ ಇರ್ತಿತ್ತು. ಇನ್ಮೇಲೆ ಬೆಂಚಿನ ಮೇಲೆ ಕುಣಿಯೋ ಅಕ್ಷರಗಳನ್ನ ಹಿಡೀಬೇಕು" ಎಂದಿದ್ದಳು. ಹಿಡಿದರು ಕೂಡ. ಮಕ್ಕಳಿಗೆ ಅವರೆಂದರೆ ಪ್ರಾಣ. ಬೈಯುವುದು ಕಡಿಮೆ, ಹೊಗಳುವುದು ಇನ್ನೂ ಕಡಿಮೆ. ಹಾಗಾಗಿ ಅವರ ಒಂದು "ಪರವಾಗಿಲ್ಲ"ಕ್ಕಾಗಿ ಹುಡುಗರು ಇಡೀ ಹಾಳೆ ಮತ್ತೆ ಬರೆಯುತ್ತಿದ್ದರು.

ಶಾಲೆಯ ಹಿಂದೆ ಒಂದು ದೊಡ್ಡ ಚರಂಡಿ. ಸುತ್ತಲ ಎಂಟು ಬೀದಿಗಳ ಕಸವೆಲ್ಲ ಅದರೊಳಗೆ. ಜೋರು ಮಳೆ ಬಂದರೆ ಚರಂಡಿ ಉಸಿರುಗಟ್ಟಿ, ಆರನೇ ಕ್ಲಾಸಿನ ಕೋಣೆಗೆ ನೀರು ನುಗ್ಗುತ್ತಿತ್ತು. ಒಂದು ಮಳೆಗಾಲದ ಮಧ್ಯಾಹ್ನ ಮಕ್ಕಳೂ ಮೇಷ್ಟ್ರೂ ಸೇರಿ ಬಕೆಟ್ಟಿನಲ್ಲಿ ನೀರು ಮೊಗೆದು ಹಾಕಿದರು. ನೀರು ಹೋಯಿತು, ನೀರು ಹೊತ್ತು ತಂದದ್ದು ಉಳಿಯಿತು: ಹಾಲಿನ ಕವರು, ಟೀ ಲೋಟ, ಶಾಂಪೂ ಪೊಟ್ಟಣ, ಯಾವನೋ ಅಭ್ಯರ್ಥಿಯ ಅರ್ಧ ಮುಖವಿದ್ದ ಫ್ಲೆಕ್ಸಿನ ತುಂಡು. ಒಬ್ಬಳು ಹುಡುಗಿ ಯಾರೂ ಹೇಳದೆಯೇ ಅವನ್ನೆಲ್ಲ ತೊಳೆದು, ಬೆಂಚಿನ ಮೇಲೆ ಬಣ್ಣದ ಪ್ರಕಾರ ಸಾಲಾಗಿ ಹರಡಿದ್ದಳು. ಕೆಂಪಿನ ಪಕ್ಕ ಕೇಸರಿ, ಕೇಸರಿಯ ಪಕ್ಕ ಹಳದಿ. ಅವಳನ್ನು ಎಲ್ಲರೂ ಇರುವೆ ಎನ್ನುತ್ತಿದ್ದರು. ಯಾವಾಗ ನೋಡಿದರೂ ಕೈಯಲ್ಲಿ ಏನಾದರೊಂದು ಹೊತ್ತುಕೊಂಡೇ ನಡೆಯುತ್ತಿದ್ದ ಹನ್ನೆರಡು ವರ್ಷದ ಸಣಕಲು ಹುಡುಗಿ.

ಆ ಬೆಂಚು ನೋಡಿದ್ದೇ ಮೇಷ್ಟ್ರ ತಲೆಯಲ್ಲಿ ಗೋಡೆ ಎದ್ದು ನಿಂತಿತು.

ಬೀದಿಗೆ ಮುಖ ಮಾಡಿದ ಶಾಲೆಯ ಕಾಂಪೌಂಡು ನಲವತ್ತು ಅಡಿ ಉದ್ದ. ಅದರ ಮೇಲೆ ಬಡಾವಣೆಯ ನಕ್ಷೆ ಮಾಡೋಣ, ಬಣ್ಣದಿಂದಲ್ಲ, ಪ್ಲಾಸ್ಟಿಕ್ಕಿನಿಂದ ಎಂದರು. ಯಾವ ವಸ್ತು ಎಲ್ಲಿ ಸಿಕ್ಕಿತೋ ನಕ್ಷೆಯಲ್ಲಿ ಅದೇ ಜಾಗದಲ್ಲಿ ಅಂಟಬೇಕು. ಮನೆಯಲ್ಲಿ, ಬೀದಿ ಬದಿಯಲ್ಲಿ ಸಿಕ್ಕಿದ್ದು ಮಾತ್ರ ತರಬೇಕು. ಸೋಪು ಹಾಕಿ ತೊಳೆಯಬೇಕು. ಚರಂಡಿಯ ಹತ್ತಿರ ಯಾರೂ ಸುಳಿಯಬಾರದು. ಈ ಕೊನೆಯ ಮೂರು ಮಾತನ್ನು ಕರಿಹಲಗೆಯ ಮೇಲೆ ತಮ್ಮ ದಪ್ಪಕ್ಷರದಲ್ಲಿ ಬರೆದಿಟ್ಟರು. ಫ್ಲೆಕ್ಸಿನ ಮೇಲಿನ ತಮ್ಮ ಹಳೆಯ ಸಿಟ್ಟನ್ನೂ ಆ ಗೋಡೆಗೆ ಮೆತ್ತುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು. ಹೆಂಡತಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಮೂರು ವಾರದಲ್ಲಿ ಗೋಡೆ ಮಾತಾಡತೊಡಗಿತು. ನಕ್ಷೆಯಲ್ಲಿ ಟೀ ಅಂಗಡಿ ಇದ್ದ ಜಾಗ ಪ್ಲಾಸ್ಟಿಕ್ ಲೋಟಗಳಿಂದ ಬುಗುಟೆಯಂತೆ ಊದಿಕೊಂಡಿತು. ದಿನಸಿ ಅಂಗಡಿಯ ಮುಂದೆ ಗುಟ್ಕಾ ಪೊಟ್ಟಣಗಳ ಮಿಂಚು. ಯಾರ ಹೆಸರನ್ನೂ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ಒಬ್ಬೊಬ್ಬರಾಗಿ ಬಂದು ತಮ್ಮ ಜಾಗ ನೋಡಿಕೊಂಡು ಹೋದರು. ದಿನಸಿಯವನು ದೊಡ್ಡ ಮೇಡಂಗೆ ದೂರು ಕೊಟ್ಟ. ಟೀ ಅಂಗಡಿಯವನು ಮಾತ್ರ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ, "ಮೇಷ್ಟ್ರೇ, ನನ್ನ ಅಂಗಡಿ ಇರೋದಕ್ಕಿಂತ ಇಲ್ಲೇ ದೊಡ್ಡದಾಗಿದೆ" ಎಂದ. ಮರುವಾರ ಗಾಜಿನ ಲೋಟ ತಂದ.

ನಕ್ಷೆಯ ಉದ್ದಕ್ಕೂ ಹಾವಿನಂತೆ ಹರಿಯಬೇಕಾದದ್ದು ಚರಂಡಿ. ಅದಕ್ಕೆ ಯಾವ ಬಣ್ಣ ಎಂದು ಕ್ಲಾಸಿನಲ್ಲಿ ಜಗಳವಾಯಿತು. ಚರಂಡಿ ಕಪ್ಪಗಿದೆ, ಕಪ್ಪೇ ಹಾಕೋಣ ಎಂದರು ಹುಡುಗರು. "ನಕ್ಷೇಲಿ ನೀರು ನೀಲಿನೇ ಸರ್" ಎಂದಳು ಇರುವೆ. ನೀಲಿಯೇ ಗೆದ್ದಿತು, ಇದೊಂದಕ್ಕೆ ಮಾತ್ರ ಎಲ್ಲಿಯ ನೀಲಿಯಾದರೂ ಸರಿ ಎಂದಾಯಿತು. ನೀರಿನ ಬಾಟಲಿಗಳ ಮುಚ್ಚಳ ಅರ್ಧ ದಾರಿಗೇ ಮುಗಿದುಹೋದವು. "ನೀಲಿ ಸಾಲದು ಕಣ್ರಯ್ಯಾ. ಎಲ್ಲಿಂದಾದ್ರೂ ತಂದುಕೊಟ್ಟವರಿಗೆ ದೊಡ್ಡ ನಮಸ್ಕಾರ" ಎಂದರು ಮೇಷ್ಟ್ರು, ಕೈಗೆ ಮೆತ್ತಿದ್ದ ಅಂಟು ಕೆರೆಯುತ್ತ. ಮಾತು ಅಷ್ಟೇ. ಅಂದದ್ದು ಅವರಿಗೆ ಆ ಸಂಜೆಗೇ ಮರೆತಿತ್ತು.

ಸೋಮವಾರ ಇರುವೆ ಒಂದು ಚೀಲ ತಂದಳು. ಒಳಗೆ ಬೆರಳಿನ ಗೆಣ್ಣಿನಷ್ಟುದ್ದದ, ಟೊಳ್ಳಾದ, ಒಂದು ಕಡೆ ಸಪೂರವಾದ ನೀಲಿ ಕೊಳವೆಗಳು. ತೊಳೆದು, ಒಣಗಿಸಿ, ಎಣಿಸಿ ತಂದಿದ್ದಳು: ಅರವತ್ತೆರಡು. ಕಡುನೀಲಿ, ಮಳೆಗಾಲದ ಸಂಜೆಯ ಆಕಾಶದ ನೀಲಿ.

"ಏನಮ್ಮಾ ಇದು, ಪೆನ್ನಿನ ಮುಚ್ಚಳನಾ?"

"ಹೂಂ ಸರ್" ಎಂದಳು, ಕಾಲ್ಬೆರಳು ನೋಡುತ್ತ.

ಮೇಷ್ಟ್ರು ಒಂದನ್ನು ಬೆಳಕಿಗೆ ಹಿಡಿದು ನೋಡಿದರು. ಅಷ್ಟು ಸಪೂರದ ಪೆನ್ನು ಅವರು ಕಂಡಿರಲಿಲ್ಲ. ಮನಸ್ಸಿನ ಮೂಲೆಯಲ್ಲಿ ಏನೋ ಒಂದು ಕೈಯೆತ್ತಿತು, ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಮಗು ಕೈಯೆತ್ತುವ ಹಾಗೆ. ಅವರು ನೋಡಿಯೂ ನೋಡದಂತಿದ್ದರು. ಆ ನೀಲಿ ಅಷ್ಟು ಚೆನ್ನಾಗಿತ್ತು. "ನೋಡಿ, ಕೆಲಸ ಅಂದ್ರೆ ಹೀಗಿರ್ಬೇಕು" ಎಂದು ಇಡೀ ಕ್ಲಾಸಿಗೆ ಕೇಳುವಂತೆ ಹೇಳಿದರು. ಇರುವೆಯ ಮುಖ ಅರಳಿತು. ಅರವತ್ತೆರಡೂ ಅವತ್ತೇ ಗೋಡೆ ಸೇರಿದವು.

ಶುಕ್ರವಾರ ಮಧ್ಯಾಹ್ನ ಊಟದ ಬಿಡುವು ಮುಗಿಯುವ ಹೊತ್ತಿಗೆ ಇಬ್ಬರು ಹುಡುಗಿಯರು ಓಡಿ ಬಂದರು. "ಸರ್, ಇರುವೆ ಕೈಯಲ್ಲಿ ರಕ್ತ. ಯಾರಿಗೂ ಹೇಳ್ಬೇಡಿ ಅಂತಾಳೆ."

ಅವಳು ನಲ್ಲಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಬಲಗೈ ತೊಳೆಯುತ್ತಿದ್ದಳು. ಹೆಬ್ಬೆರಳ ಬುಡದಲ್ಲಿ ಒಂದೇ ಒಂದು ಕೆಂಪು ಚುಕ್ಕೆ. ಒರೆಸಿದರೆ ಹೋಗುತ್ತಿತ್ತು, ಮತ್ತೆ ಮೂಡುತ್ತಿತ್ತು.

"ಏನು ಚುಚ್ಚಿತು?"

"ಮುಳ್ಳು ಸರ್."

ಎಡಗೈ ಮುಷ್ಟಿ ಬಿಗಿಯಾಗಿತ್ತು. ಮೇಷ್ಟ್ರು ಮೆಲ್ಲಗೆ ಬೆರಳು ಬಿಡಿಸಿದರು. ಒಳಗೆ ಮೂರು ನೀಲಿ ಕೊಳವೆಗಳು.

"ಸೂಜಿ ಸರ್. ಕವರಿನೊಳಗಿತ್ತು, ಕಾಣ್ಲಿಲ್ಲ."

"ಎಲ್ಲಿ?"

"ನರ್ಸಿಂಗ್ ಹೋಮ್ ಹಿಂದೆ. ಚರಂಡಿ ಹತ್ರ."

ಮನೆಯಲ್ಲಿ ಹೆಂಡತಿಗೆ ದಿನಕ್ಕೆರಡು ಸಲ ಸೂಜಿ ಚುಚ್ಚುತ್ತದೆ. ಬೆರಳು ಬಾಯಲ್ಲಿಟ್ಟು ಚೀಪಿ, ಹೊಲಿಗೆ ಮುಂದುವರಿಸುತ್ತಾಳೆ. ಇದು ಆ ಸೂಜಿಯಲ್ಲ. ಯಾರ ಮೈಯಿಂದ ಹೊರಬಂದದ್ದೋ, ಯಾವ ರೋಗದ್ದೋ. ಮೇಷ್ಟ್ರು ಅವಳ ಕೈ ಹಿಡಿದು ಆಫೀಸಿಗೆ ಕರೆದೊಯ್ದರು.

ದೊಡ್ಡ ಮೇಡಂ ಇರುವೆಯ ತಾಯಿಗೆ ಫೋನು ಹಚ್ಚಿದರು. ಮೇಷ್ಟ್ರು ಹುಡುಗಿಯನ್ನು ಆಟೋದಲ್ಲಿ ಕೂರಿಸಿಕೊಂಡು ಸರ್ಕಾರಿ ದೊಡ್ಡಾಸ್ಪತ್ರೆಗೆ ಹೊರಟರು. ರೈಲ್ವೆ ಗೇಟು ಹಾಕಿತ್ತು. ಒಂದು ಗೂಡ್ಸು ಗಾಡಿ ಬಸುರಿಯಂತೆ ನಿಧಾನವಾಗಿ ಹೋಗುತ್ತಿತ್ತು; ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲ. ಇಂಥದ್ದಕ್ಕೆ ಬೇಗ ಔಷಧಿ ಕೊಡಬೇಕು ಎಂದು ಅವರು ಎಲ್ಲೋ ಕೇಳಿದ್ದರು. ಬೇಗ ಎಂದರೆ ಎಷ್ಟು ಬೇಗ ಎಂದು ಗೊತ್ತಿರಲಿಲ್ಲ. ಹುಡುಗಿ ಒಂದೇ ಒಂದು ಸಲ ಕೇಳಿದಳು: "ಸರ್, ಅಮ್ಮ ಬೈತಾಳಾ?"

"ಇಲ್ಲಮ್ಮ. ಬೈಯೋದಾದ್ರೆ ನನಗೆ ಬೈತಾರೆ."

ಆಸ್ಪತ್ರೆಯ ಡಾಕ್ಟರು ಮೂವತ್ತರ ಹೆಂಗಸು. ಗಾಬರಿ ತೋರಿಸದೆ ಎಲ್ಲ ಕೇಳಿದರು. ಎಷ್ಟು ಹೊತ್ತಾಯ್ತು, ಎಷ್ಟು ಆಳ ಹೋಯ್ತು, ಸೂಜಿ ಎಲ್ಲಿದೆ. "ಯಾರಿಗೆ ಚುಚ್ಚಿದ ಸೂಜಿ ಅಂತ ಗೊತ್ತಿಲ್ಲ ಅಂದ್ಮೇಲೆ ಕೆಟ್ಟದ್ದೇ ಇತ್ತು ಅಂದುಕೊಂಡು ಔಷಧಿ ಕೊಡ್ಬೇಕು. ಇಪ್ಪತ್ತೆಂಟು ದಿನ ಮಾತ್ರೆ, ಒಂದು ದಿನಾನೂ ತಪ್ಪಿಸೋ ಹಾಗಿಲ್ಲ. ಈಗೊಂದು ರಕ್ತ ಪರೀಕ್ಷೆ, ಆರು ವಾರಕ್ಕೆ ಇನ್ನೊಂದು, ಮೂರು ತಿಂಗಳಿಗೆ ಮತ್ತೊಂದು. ಅಪಾಯ ಕಡಿಮೆ. ಇಲ್ಲವೇ ಇಲ್ಲ ಅಂತ ನಾನು ಹೇಳೋಕಾಗಲ್ಲ."

ನರ್ಸು ರಕ್ತ ತೆಗೆಯಲು ಬಂದಳು. ಹೊಸ ಸೂಜಿಯ ಮುಚ್ಚಳ ಕಿತ್ತು ಪಕ್ಕದ ಬುಟ್ಟಿಗೆ ಎಸೆದಳು. ಟಿಕ್ ಎಂದು ಅದು ತಗಡಿಗೆ ಬಡಿಯಿತು. ಬೆರಳಿನ ಗೆಣ್ಣಿನಷ್ಟುದ್ದ, ಒಂದು ಕಡೆ ಸಪೂರ, ಕಡುನೀಲಿ.

ಮೇಷ್ಟ್ರು ಬಗ್ಗಿ ಬುಟ್ಟಿಯೊಳಗೆ ನೋಡಿದರು. ಅರವತ್ತೆರಡು. ತಮ್ಮ ಕೈಯಾರೆ ಅಂಟಿಸಿದ್ದು. ಅಷ್ಟು ಸಲ ಆ ಮಗು ಕಸದೊಳಗೆ ಕೈ ಹಾಕಿತ್ತು. ಅರವತ್ತೆರಡು ಸಲ ತಪ್ಪಿಸಿಕೊಂಡು, ಇವರ ಹೊಗಳಿಕೆಗಾಗಿ ಮತ್ತೆ ಹೋಗಿತ್ತು.

ಅಷ್ಟರಲ್ಲಿ ತಾಯಿ ಬಂದಳು. ಬಿಸ್ಕತ್ತು ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಿಂದ ಓಡಿ ಬಂದಿದ್ದಳು. ಕೂದಲಿಗೆ ಹಾಕುವ ಬಲೆಯ ಟೋಪಿ ಇನ್ನೂ ತಲೆಯ ಮೇಲೇ ಇತ್ತು. ಆ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಡಾಕ್ಟರು ಹೇಳಿದ್ದನ್ನೆಲ್ಲ ಅವಳು ನಿಂತೇ ಕೇಳಿದಳು. ಆಮೇಲೆ ಮಗಳ ಕಡೆ ತಿರುಗಿದಳು.

"ಅಲ್ಲಿಗೆ ಯಾರು ಕಳಿಸಿದ್ದು ನಿನ್ನ?"

"ಯಾರೂ ಇಲ್ಲಮ್ಮ. ನಾನೇ ಹೋದೆ. ಸರ್ ಚರಂಡಿ ಹತ್ರ ಹೋಗ್ಬೇಡಿ ಅಂದಿದ್ರು."

ಹುಡುಗಿ ಮೇಷ್ಟ್ರ ಮುಖ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಬಾಯಿ ಬಿಡುತ್ತಿದ್ದರೇನೋ. ಮಾತು ಗಂಟಲಲ್ಲಿ ಬಿಸಿತುಪ್ಪದಂತೆ ನಿಂತಿತು. ನುಂಗಲೂ ಆಗದು, ಉಗುಳಲೂ ಆಗದು. ಅವರು ನುಂಗಿದರು.

ಆ ಸಂಜೆ ಹೆಂಡತಿಯ ಮುಂದೆ ಮಾತ್ರ ಎಲ್ಲ ಹೇಳಿದರು. ಅವಳು ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ಸೋಮವಾರಾನೇ ಗೊತ್ತಾಗಿತ್ತಾ ನಿಮಗೆ?"

"ಪೂರ್ತಿ ಗೊತ್ತಿರ್ಲಿಲ್ಲ."

"ಅರ್ಧ?"

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

"ಅರ್ಧ ಗೊತ್ತಿದ್ದೋರು ಇನ್ನರ್ಧ ಕೇಳ್ಬೇಕಿತ್ತು ರೀ" ಎಂದಳು. ಮತ್ತೆ ಮೆಷಿನ್ನು ತುಳಿಯಲಿಲ್ಲ. ಬಟ್ಟೆ ಮಡಚಿಟ್ಟು ಎದ್ದು ಹೋದಳು. ಅವಳು ಕೂಗಾಡಿದ್ದರೆ ಅವರಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಶನಿವಾರ ನರ್ಸಿಂಗ್ ಹೋಮಿನ ಮ್ಯಾನೇಜರು ಶಾಲೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು. ಪಾಪ ಮಗುವಿಗೆ ಹೀಗಾಯಿತಂತೆ, ಬಹಳ ಬೇಜಾರಾಯಿತು ಎಂದ. ತಮ್ಮ ಕಸವೆಲ್ಲ ನಿಯಮದ ಪ್ರಕಾರವೇ ಹೋಗುತ್ತದೆ, ಯಾರೋ ಹೊರಗಿನವರು ತಂದು ಸುರಿದಿರಬೇಕು ಎಂದ. ವರ್ಷಕ್ಕೊಮ್ಮೆ ಮಕ್ಕಳ ಕಣ್ಣು, ಹಲ್ಲು ಪುಕ್ಕಟೆ ನೋಡುವವರು ಅವರೇ ಎಂಬುದನ್ನು ನೆನಪಿಸಿದ. ಕೊನೆಗೆ ಕಾಫಿ ಲೋಟ ಕೆಳಗಿಡುತ್ತ, "ಆ ಕಾಂಪೌಂಡು ಗೋಡೆ ನೋಡೋಕೆ ಒಂಥರಾ ಇದೆ ಮೇಡಂ. ಒಳ್ಳೇ ಬಣ್ಣ ಹೊಡೆಸಿಕೊಡ್ತೀವಿ. ನೀವು ಹೂಂ ಅಂದ್ರೆ ಸಾಕು" ಎಂದ. ದೊಡ್ಡ ಮೇಡಂ ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ನೋಡೋಣ ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಆತ ತನಗೆ ಬೇಕಾದ ಕಡೆಯ ಬೆಳಕನ್ನು ತೆಗೆದುಕೊಂಡು ಹೋದ.

ಸೋಮವಾರ ತಂದೆತಾಯಂದಿರ ಸಭೆ. ಆರನೇ ಕ್ಲಾಸು, ಏಳನೇ ಕ್ಲಾಸಿನ ಕೋಣೆಗಳ ನಡುವಿನ ಮರದ ತಡಿಕೆ ಸರಿಸಿ ಬೆಂಚು ಹಾಕಿದ್ದರು. ಎಂಬತ್ತು ಜನ. ಒಳಗೆ ಹೋಗುವ ಮುಂಚೆ ದೊಡ್ಡ ಮೇಡಂ ಮೇಷ್ಟ್ರನ್ನು ಜಗಲಿಯಲ್ಲಿ ನಿಲ್ಲಿಸಿದರು.

"ಮೇಷ್ಟ್ರೇ, ಚರಂಡಿ ಕಡೆ ಹೋಗ್ಬೇಡಿ ಅಂತ ನೀವು ಬೋರ್ಡಿನ ಮೇಲೆ ಬರೆದಿದ್ರಿ. ಹುಡುಗೀನೇ ಒಪ್ಪಿಕೊಂಡಿದ್ದಾಳೆ. ಅಷ್ಟು ಹೇಳಿ ಕೂತ್ಕೊಳ್ಳಿ. ನಿಮ್ಮ ಕೆಲಸಾನೂ ಉಳಿಯುತ್ತೆ, ಶಾಲೆ ಹೆಸರೂ ಉಳಿಯುತ್ತೆ."

ಒಳಗೆ ಒಬ್ಬ ತಂದೆ ಆಗಲೇ ಎದ್ದು ನಿಂತಿದ್ದ. "ನಾವು ಮಕ್ಕಳನ್ನ ಓದೋಕೆ ಕಳಿಸ್ತೀವಿ, ಚಿಂದಿ ಆಯೋಕಲ್ಲ. ಗೋಡೆ ಅಂದ ಮಾಡೋಕೆ ಮಕ್ಕಳ ಜೀವ ಬೇಕಾ ಇವರಿಗೆ?" ಹಿಂದಿನಿಂದ ಇನ್ನೊಬ್ಬಳು, "ಹೋಗ್ಬೇಡ ಅಂದ ಕಡೆ ಹೋಗಿದ್ದು ಆ ಹುಡುಗಿ ತಪ್ಪಲ್ವಾ? ನಮ್ಮ ಮಕ್ಕಳು ಹೋಗಿಲ್ಲಪ್ಪಾ" ಎಂದಳು. ಮುಂದಿನ ಬೆಂಚಿನ ತುದಿಯಲ್ಲಿ ಕೂತಿದ್ದ ಇರುವೆಯ ತಾಯಿ ತಿರುಗಿ ನೋಡಲಿಲ್ಲ. ಅವಳ ಪಕ್ಕ ಇರುವೆ, ಮುಖ ಬಿಳಿಚಿಕೊಂಡು, ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು. ಮಾತ್ರೆ ನುಂಗಿದಾಗಿನಿಂದ ತಿಂದದ್ದು ನಿಲ್ಲುತ್ತಿರಲಿಲ್ಲ. ವಾಂತಿಗೆ ಎಂದು ಡಬ್ಬಿ.

"ಹೋಗ್ಬೇಡ ಅಂದ ಕಡೆ ಹೋಗಿದ್ದು" ಎಂಬ ಮಾತಿಗೆ ಆ ಮಗು ತಲೆ ಇನ್ನಷ್ಟು ಬಗ್ಗಿಸಿದ್ದನ್ನು ಮೇಷ್ಟ್ರು ಕಂಡರು.

ಎದ್ದರು. ಬೆಂಚುಗಳ ಮುಂದೆ ಹೋಗಿ ನಿಂತರು.

"ಹೋಗ್ಬೇಡಿ ಅಂತ ಬರೆದಿದ್ದು ನಿಜ. ಆಮೇಲೆ ನೀಲಿ ಸಾಲದು, ಎಲ್ಲಿಂದಾದ್ರೂ ತನ್ನಿ ಅಂದವನೂ ನಾನೇ. ಈ ಮಗು ಹೋದ ಸೋಮವಾರ ಅರವತ್ತೆರಡು ಸೂಜಿ ಮುಚ್ಚಳ ತಂದುಕೊಟ್ಟಳು. ಪೆನ್ನಿನ ಮುಚ್ಚಳ ಅಲ್ಲ ಅಂತ ನನಗೆ ಅನುಮಾನ ಬಂದಿತ್ತು. ಕೇಳ್ಲಿಲ್ಲ. ಕೇಳಿದ್ರೆ ಬೇಡ ಅನ್ನಬೇಕಾಗ್ತಿತ್ತು, ಗೋಡೆ ಅರ್ಧಕ್ಕೆ ನಿಲ್ತಿತ್ತು. ಎಲ್ಲರೆದುರು ಶಭಾಷ್ ಅಂದೆ. ಅದಕ್ಕೇ ಅವಳು ಮತ್ತೆ ಹೋಗಿದ್ದು. ತಪ್ಪು ಅವಳದ್ದಲ್ಲ, ನನ್ನದು."

ಗದ್ದಲವೆದ್ದಿತು. ಚಿಂದಿ ಎಂದಿದ್ದ ತಂದೆ ಬೆಂಚು ದಾಟಿ ಮುಂದೆ ಬಂದ. ಇಬ್ಬರು ಅವನ ತೋಳು ಹಿಡಿದರು. ದೊಡ್ಡ ಮೇಡಂ ಮೇಜು ತಟ್ಟಿ, ಮುಂದಿನ ತೀರ್ಮಾನದವರೆಗೆ ಇವರು ಶಾಲೆಗೆ ಬರುವುದಿಲ್ಲ ಎಂದರು. ಮೇಷ್ಟ್ರು ತಲೆಯಾಡಿಸಿದರು.

ಆಗ ಇರುವೆಯ ತಾಯಿ ಎದ್ದು ನಿಂತಳು. ಅವಳು ಬೈಯುತ್ತಾಳೆಂದು ಎಲ್ಲರೂ ಕಾದರು. ಮೇಷ್ಟ್ರೂ ಕಾದರು, ಒಂದು ರೀತಿಯಲ್ಲಿ ಅದು ಬೇಕಾಗಿತ್ತು ಅವರಿಗೆ.

"ಆ ಅರವತ್ತೆರಡು ಎಲ್ಲಿವೆ?" ಎಂದಳು. "ತೋರ್ಸಿ."

ಹೊರಗೆ ಹೋಗಿ ತೋರಿಸಿದರು. ಅವಳು ಮುಟ್ಟಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತುಟಿಯಲ್ಲೇ ಎಣಿಸುತ್ತ ಹೋದಳು. ಎಣಿಕೆ ಮುಗಿದ ಮೇಲೆ ಫೋನು ತೆಗೆದು ಫೋಟೋ ಹಿಡಿದಳು. ಮೇಷ್ಟ್ರ ಕಡೆ ನೋಡದೆಯೇ ಮಗಳ ಕೈ ಹಿಡಿದು ಹೊರಟುಹೋದಳು.

ಮರುದಿನ ಒಂಬತ್ತು ಗಂಟೆಗೆ ಮೇಷ್ಟ್ರು ಮನೆಯಲ್ಲಿ ಸುಮ್ಮನೆ ಕುರ್ಚಿಯ ಮೇಲೆ ಕೂತಿದ್ದರು. ಹಾಲು ತರಲು ಹೋಗಿದ್ದ ಹೆಂಡತಿ ಬಾಗಿಲಲ್ಲೇ ನಿಂತು, "ನಿಮ್ಮ ಗೋಡೆಗೆ ಬಣ್ಣ ಹೊಡೆಯೋರು ಬಂದಿದ್ದಾರೆ" ಎಂದಳು. "ಏಣಿ ಹಾಕ್ತಿದ್ದಾರೆ."

"ನಾನು ಅಲ್ಲಿಗೆ ಹೋಗೋ ಹಾಗಿಲ್ವಲ್ಲ."

"ಶಾಲೆ ಒಳಗೆ ಹೋಗೋ ಹಾಗಿಲ್ಲ. ಬೀದಿ ಯಾರಪ್ಪನದ್ದೂ ಅಲ್ಲ. ಏಳಿ."

ಅವರು ಹೋದಾಗ ಮೂವರು ಕೂಲಿಯವರು ಗೋಡೆಯ ಮುಂದೆ ನಿಂತಿದ್ದರು. ಕೆಳಗೆ ಬಿಳಿ ಬಣ್ಣದ ಎರಡು ಡ್ರಮ್ಮು, ಪ್ಲಾಸ್ಟಿಕ್ ಕೆರೆದು ಹಾಕಲು ಅಗಲ ಬಾಯಿಯ ಉಳಿಗಳು. ಮ್ಯಾನೇಜರು ಸ್ಕೂಟರಿಗೆ ಒರಗಿಕೊಂಡಿದ್ದ. ಕೂಲಿಯವರಿಗೂ ಗೋಡೆಗೂ ನಡುವೆ, ನೀಲಿಗೆ ಬೆನ್ನು ಕೊಟ್ಟು, ಇರುವೆಯ ತಾಯಿ ನಿಂತಿದ್ದಳು. ಪಾಳಿ ಬಿಟ್ಟು ಬಂದಿದ್ದಳು.

"ಪಕ್ಕಕ್ಕೆ ಸರೀಮ್ಮಾ" ಎಂದ ಕೂಲಿಯವರಲ್ಲಿ ಹಿರಿಯ, "ನಮಗೆ ಮಧ್ಯಾಹ್ನದೊಳಗೆ ಮುಗಿಸ್ಬೇಕು."

"ಆರೋಗ್ಯ ಇನ್ಸ್‌ಪೆಕ್ಟರು ಹನ್ನೊಂದಕ್ಕೆ ಬರ್ತೀನಿ ಅಂದಿದ್ದಾರೆ. ನಿನ್ನೆ ಮೂರು ಗಂಟೆ ಹೊತ್ತು ಅವರ ಆಫೀಸಿನ ಮುಂದೆ ಕೂತು ಹೇಳಿಸಿಕೊಂಡು ಬಂದಿದ್ದೀನಿ. ಅಲ್ಲೀವರೆಗೂ ಇದನ್ನ ಯಾರೂ ಮುಟ್ಟೋ ಹಾಗಿಲ್ಲ."

ಮ್ಯಾನೇಜರು ಮೆತ್ತಗೆ ಬಂದ. "ಅಮ್ಮಾ, ಮಗೂಗೆ ಹುಷಾರಿಲ್ಲ, ನೀವಿಲ್ಲಿ ಬಿಸಿಲಲ್ಲಿ ನಿಂತಿದ್ದೀರಿ. ಶಾಲೆಯವರು ಒಪ್ಪಿದ್ದಾರೆ. ಇದು ಶಾಲೆ ಗೋಡೆ."

"ಮಗಳು ನನ್ನವಳು" ಎಂದಳು.

ಆತ ಕೂಲಿಯವರಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಒಬ್ಬ ಏಣಿಯನ್ನು ಅವಳಿಂದ ದೂರ, ಗೋಡೆಯ ಇನ್ನೊಂದು ತುದಿಗೆ ಆನಿಸಿದ. ನೀಲಿ ಅಲ್ಲಿಯವರೆಗೂ ಹರಿದಿತ್ತು. ಒಬ್ಬಳೇ ಹೆಂಗಸು ನಲವತ್ತು ಅಡಿಗೆ ಬೆನ್ನು ಕೊಡಲಾಗುವುದಿಲ್ಲ. ಮೇಷ್ಟ್ರು ಓಡಿ ಹೋಗಿ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹೆಂಡತಿ ಹಾಲಿನ ಪಾತ್ರೆ ಹಿಡಿದುಕೊಂಡೇ ಬಂದು ನಡುವೆ ನಿಂತಳು. ಟೀ ಅಂಗಡಿಯವನು ಒಲೆ ಆರಿಸಿ, ಕೈ ಒರೆಸಿಕೊಳ್ಳುತ್ತ ಬಂದ. ದಿನಸಿಯವನು ತನ್ನ ಮೆಟ್ಟಿಲ ಮೇಲೆ ನಿಂತು ನೋಡಿದ, ಇಳಿಯಲಿಲ್ಲ.

ಉಳಿ ಹಿಡಿದಿದ್ದವನು ತಾಯಿಯ ಪಕ್ಕದಲ್ಲೇ ಒಂದು ಏಟು ಹಾಕಿಯೇ ಬಿಟ್ಟ. ಆರೇಳು ನೀಲಿ ಚೂರುಗಳು ಪಟಪಟನೆ ನೆಲಕ್ಕೆ ಬಿದ್ದವು. ತಾಯಿ ಬಾಗಿ ಅವನ್ನು ಸೆರಗಿನಿಂದ ಹಿಡಿದು ಎತ್ತಿಕೊಂಡಳು. ಮತ್ತೆ ಅದೇ ಜಾಗದಲ್ಲಿ ನಿಂತಳು. ಉಳಿ ಮತ್ತೆ ಮೇಲೆದ್ದಿತು.

ಆಗ ಗೇಟು ತೆರೆಯಿತು. ದೊಡ್ಡ ಮೇಡಂ ಹೊರಗೆ ಬಂದರು. ಅವರ ಮುಖದ ಮೇಲೆ ರಾತ್ರಿಯೆಲ್ಲ ಮಲಗದ ಕಪ್ಪು. ಎಲ್ಲರನ್ನೂ ಒಮ್ಮೆ ನೋಡಿದರು: ಏಣಿಯ ಮೇಲೆ ಕೂತ ಮೇಷ್ಟ್ರು, ಸೆರಗು ಬಿಗಿಹಿಡಿದ ತಾಯಿ, ಕಿಟಕಿಗಳಿಗೆ ಜೋತುಬಿದ್ದ ಮಕ್ಕಳು.

"ನಾನು ನೋಡೋಣ ಅಂದಿದ್ದೆ" ಎಂದರು ಮ್ಯಾನೇಜರಿಗೆ. "ಈಗ ನೋಡಿದೆ. ಏಣಿ ತೆಗೆಸಿ."

"ಮೇಡಂ, ವರ್ಷಾ ವರ್ಷಾ ನಾವು—"

"ಮಕ್ಕಳ ಹಲ್ಲು ಬೇರೆ ಕಡೆ ತೋರಿಸ್ತೀನಿ."

ಇನ್ಸ್‌ಪೆಕ್ಟರು ಹನ್ನೊಂದಕ್ಕಲ್ಲ, ಹನ್ನೆರಡೂವರೆಗೆ ಬಂದ. ಬಂದವನಿಗೂ ಅಷ್ಟೇನೂ ಉತ್ಸಾಹವಿರಲಿಲ್ಲ. ಆದರೆ ಬೀದಿಯಲ್ಲಿ ಅಷ್ಟು ಜನ ನಿಂತಿದ್ದರು, ಕಣ್ಣೆದುರಿಗೆ ಅರವತ್ತೆರಡು ಸಾಕ್ಷಿ. ಗೋಡೆಯ ಫೋಟೋ ತೆಗೆದು, ಸೆರಗಿನಲ್ಲಿದ್ದುದನ್ನು ಕವರಿಗೆ ಹಾಕಿಸಿ, ನರ್ಸಿಂಗ್ ಹೋಮಿನ ಹಿಂದಕ್ಕೆ ನಡೆದ. ಚರಂಡಿಯ ದಂಡೆಯಲ್ಲಿ ಕರಿ ಚೀಲಗಳು ಹರಿದು ಬಿದ್ದಿದ್ದವು: ಸೂಜಿ, ರಕ್ತದ ಹತ್ತಿ, ಡ್ರಿಪ್ಪಿನ ಪೈಪು. ಒಂದು ಚೀಲದೊಳಗೆ ಆ ನರ್ಸಿಂಗ್ ಹೋಮಿನದೇ ಚೀಟಿಗಳಿದ್ದವು. ಹೊರಗಿನವರು ತಂದು ಸುರಿದರೆಂಬ ಮಾತು ಅಲ್ಲಿಗೆ ಮುಗಿಯಿತು. ನೋಟಿಸು ಬಂತು, ದಂಡ ಬಿತ್ತು. ಅಂದಿನಿಂದ ದಿನ ಬಿಟ್ಟು ದಿನ ಆಸ್ಪತ್ರೆಯ ಕಸ ಒಯ್ಯುವ ಹಳದಿ ಗಾಡಿ ಆ ಬೀದಿಗೆ ಬರತೊಡಗಿತು.

ಆದರೆ ಮೇಷ್ಟ್ರಿಗೆ ಅದು ಯಾವುದೂ ಮುಟ್ಟಲಿಲ್ಲ. ಅವರು ಎಣಿಸುತ್ತಿದ್ದದ್ದು ಇಪ್ಪತ್ತೆಂಟು ಮಾತ್ರೆಗಳನ್ನು, ಆಮೇಲೆ ಆರು ವಾರಗಳನ್ನು, ಆಮೇಲೆ ಮೂರು ತಿಂಗಳನ್ನು. ಶಾಲೆಯಿಲ್ಲ, ಹೆಂಡತಿಯ ರವಿಕೆಗಳಿಗೆ ಗುಂಡಿ ಹಚ್ಚುತ್ತ ಕೂರುತ್ತಿದ್ದರು. ಆರು ವಾರದ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಟೀ ಅಂಗಡಿಯವನ ಬಾಯಿಂದ ಕೇಳಿದರು. ಡಾಕ್ಟರು ಹೇಳಿದ್ದು ಮೂರು ತಿಂಗಳು.

ಕೊನೆಯ ಪರೀಕ್ಷೆಯ ದಿನ ಯಾರೂ ಕರೆಯದೆಯೇ ಆಸ್ಪತ್ರೆಗೆ ಹೋಗಿ, ಉದ್ದನೆಯ ಓಣಿಯ ತುದಿಯ ಬೆಂಚಿನ ಮೇಲೆ ಕೂತರು. ತಾಯಿ ಮಗಳು ಇನ್ನೊಂದು ತುದಿಯಲ್ಲಿ. ತಾಯಿ ಅವರನ್ನು ಕಂಡು, ಮಗಳ ಕಡೆ ತಿರುಗಿ ಕೂತಳು. ಒಂದೂವರೆ ಗಂಟೆ ಹಾಗೇ ಕಳೆಯಿತು. ಒಳಗಿನಿಂದ ಹೆಸರು ಕೂಗಿದರು. ಅವರಿಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು. ಗೋಡೆಗಡಿಯಾರದ ಮುಳ್ಳು ಅಲ್ಲಾಡುತ್ತಿದೆಯೋ ಇಲ್ಲವೋ ಎಂದು ಮೇಷ್ಟ್ರು ಎರಡು ಸಲ ಎದ್ದು ಹೋಗಿ ನೋಡಿದರು.

ಬಾಗಿಲು ತೆರೆದಾಗ ಮೊದಲು ಹೊರಬಂದದ್ದು ಹುಡುಗಿ. ಅವಳ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಹಿಂದೆ ಬಂದ ತಾಯಿಯ ಕೆನ್ನೆ ಒದ್ದೆಯಾಗಿತ್ತು. ಮೇಷ್ಟ್ರು ಎದ್ದು ನಿಂತರು. ಅವಳು ನೇರ ಅವರ ಬೆಂಚಿನ ಹತ್ತಿರ ಬಂದು ನಿಂತಳು.

"ಏನೂ ಇಲ್ವಂತೆ. ಮುಗೀತಂತೆ."

ಮೇಷ್ಟ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಅವಳು ಸೆರಗಿನಿಂದ ಕೆನ್ನೆ ಒರೆಸಿಕೊಂಡು, "ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ ಮೇಷ್ಟ್ರೇ. ಅದು ಹೋಗೋದು ಯಾವಾಗ್ಲೋ ಗೊತ್ತಿಲ್ಲ" ಎಂದಳು. "ಆದ್ರೆ ಅವತ್ತು ನೀವು ಎದ್ದು ನಿಂತು ಹೇಳದೇ ಇದ್ದಿದ್ರೆ, ನನ್ನ ಮಗಳು ಜೀವಮಾನವಿಡೀ ತಪ್ಪು ತನ್ನದೇ ಅಂದ್ಕೊಂಡಿರ್ತಿದ್ಳು."

"ಮೂರು ದಿನ ತಡವಾಗಿ ಹೇಳಿದೆ ತಾಯಿ."

"ಹೌದು" ಎಂದಳು. "ತಡವಾಗೇ ಹೇಳಿದ್ರಿ."

ಮುಂದಿನ ವರ್ಷ ದೊಡ್ಡ ಮೇಡಂ ಅವರನ್ನು ಮತ್ತೆ ಕರೆಸಿದರು. ತಂದೆತಾಯಂದಿರಲ್ಲಿ ಅರ್ಧ ಜನ ಬೇಡವೆಂದರು, ಅರ್ಧ ಜನ ಇರಲಿ ಎಂದರು. ಈಗ ಮಕ್ಕಳು ತರುವ ಪ್ಲಾಸ್ಟಿಕ್ ಮನೆಯದು ಮಾತ್ರ, ಅದೂ ದೊಡ್ಡವರೇ ತೊಳೆದು ಕಟ್ಟಿಕೊಟ್ಟದ್ದು. ಗೋಡೆ ಹಾಗೇ ಇದೆ. ಉಳಿಯ ಏಟು ಬಿದ್ದ ಕಡೆ ಮೊಳದಷ್ಟು ಸಿಮೆಂಟು ಕಾಣುತ್ತದೆ, ಅದನ್ನು ಯಾರೂ ತುಂಬಿಲ್ಲ. ದಿನಸಿ ಅಂಗಡಿಯ ಮುಂದೆ ಪೊಟ್ಟಣ ಬೀಳುವುದು ನಿಂತಿಲ್ಲ. ಚರಂಡಿ ಮೊದಲಿನಷ್ಟು ಕಟ್ಟಿಕೊಳ್ಳುವುದಿಲ್ಲವಾದರೂ ಜೋರು ಮಳೆ ಬಂದ ದಿನ ಆರನೇ ಕ್ಲಾಸಿನವರು ಈಗಲೂ ಚೀಲ ಮೇಲಿಡುತ್ತಾರೆ.

ಇರುವೆ ಡ್ರಾಯಿಂಗ್ ಕ್ಲಾಸಿಗೆ ಬರುವುದು ಬಿಟ್ಟಳು. ಅಮ್ಮ ಬೇಡವೆಂದಿದ್ದಾಳೇನೋ ಎಂದುಕೊಂಡು ಮೇಷ್ಟ್ರು ಕೇಳಲು ಹಿಂಜರಿದರು. ಆಮೇಲೆ ಒಂದು ದಿನ ಜಗಲಿಯಲ್ಲಿ ಎದುರಾದಾಗ ನಿಲ್ಲಿಸಿ ಕೇಳಿಯೇ ಬಿಟ್ಟರು.

"ಅಮ್ಮ ಏನೂ ಅಂದಿಲ್ಲ ಸರ್" ಎಂದಳು. ಅವಳ ಎರಡೂ ಕೈಯಲ್ಲಿ ಒಂದು ಹಾರ್ಮೋನಿಯಂ ಪೆಟ್ಟಿಗೆ. ಭಾರಕ್ಕೆ ಒಂದು ಕಡೆ ವಾಲಿದ್ದಳು. "ನಾನು ಸಂಗೀತಕ್ಕೆ ಸೇರ್ಕೊಂಡೆ. ಅಲ್ಲಿ ತರೋಕೆ, ತೊಳೆಯೋಕೆ ಏನೂ ಇಲ್ಲ."

ಮೇಷ್ಟ್ರು ಪೆಟ್ಟಿಗೆಯ ಇನ್ನೊಂದು ಹಿಡಿ ಹಿಡಿದುಕೊಂಡರು. ಇಬ್ಬರೂ ಅದನ್ನು ಮಹಡಿಯ ಕೋಣೆಯವರೆಗೆ ಹೊತ್ತುಕೊಂಡು ಹೋದರು.